ಚಿಕ್ಕತಾಯಮ್ಮತ್ತೆಯ ಜಪಾನಿ ಆಟಗಳು

ನಮ್ಮ ಸೋದರತ್ತೆ ಚಿಕ್ಕತಾಯಮ್ಮ ಅಚ್ಚಾದ ಮಾತಿಗೆ ಎದುರಾಡಿದವರಲ್ಲ. ಬಿಸ್ಕತ್ತಿನ ಪೊಟ್ಟಣದ ಮೇಲೆ ‘ತಂಪಾದ, ಒಣ ಜಾಗದಲ್ಲಿಡಿ’ ಎಂದಿದ್ದರೆ ಅಂಥ ಜಾಗ ಹುಡುಕಿಕೊಂಡು ಮನೆಯೆಲ್ಲ ಸುತ್ತಿ, ಕೊನೆಗೆ ದೇವರ ಗೂಡಿನಲ್ಲಿಟ್ಟು ಬರುತ್ತಿದ್ದರು. ಟಾನಿಕ್ಕಿನ ಸೀಸೆಯ ಮೇಲೆ ‘ಚೆನ್ನಾಗಿ ಅಲುಗಾಡಿಸಿ’ ಎಂದಿದ್ದರೆ, ನೋಡುವವರ ಕೈ ನೋಯುವಷ್ಟು ಅಲುಗಾಡಿಸುತ್ತಿದ್ದರು. ಹಲಗೂರಿನ ಸುತ್ತಮುತ್ತ ನರ್ಸಾಗಿ ದುಡಿದು ನಿವೃತ್ತರಾದವರು. “ಬರ್ದಿರೋದನ್ನ ಬುಟ್ಟು ನಿಮ್ ಬುದ್ಧಿ ಓಡ್ಸಿದ್ರೋ, ಓಯ್ತೀರ ಅಷ್ಟೆಯಾ” ಎಂದು ರೋಗಿಗಳಿಗೆ ಹೇಳಿ ಹೇಳಿ ಅದೇ ಅವರ ಸ್ವಭಾವವಾಗಿಬಿಟ್ಟಿತ್ತು.

ಮಂಡ್ಯದಲ್ಲಿ ಮಂಡಿ ಆಪರೇಷನ್ ಆಗಿ ಮನೆಯಲ್ಲಿ ಕೂತ ಮೇಲೆ ಅವರಿಗೆ ಗದರಿಸಲು ಜನ ಸಿಗಲಿಲ್ಲ. ದಿನವಿಡೀ ನನಗೆ ಫೋನು. ಮದ್ದೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ನಾನು ನನ್ನ ಕಿವಿ ಉಳಿಸಿಕೊಳ್ಳಲು ಒಂದು ಹಳೆ ಕಂಪ್ಯೂಟರ್ ಕೊಂಡೊಯ್ದು ಅವರ ಮನೆಯಲ್ಲಿ ಕೂರಿಸಿದೆ. ಜಪಾನಿನ ಹಳೇ ಆಟಗಳನ್ನೆಲ್ಲ ಒಟ್ಟುಮಾಡಿದ್ದ ಒಂದು ಸಂಗ್ರಹವನ್ನೂ ಹಾಕಿಕೊಟ್ಟೆ. ಭಾಷೆಗಳ ಸಾಲಿನಲ್ಲಿ ಕನ್ನಡವೂ ಇತ್ತು. ಹೆಮ್ಮೆಯಿಂದ ಅದನ್ನೇ ಆರಿಸಿಟ್ಟು ಬಂದೆ. ಆ ಕನ್ನಡವನ್ನು ಬರೆದದ್ದು ಮನುಷ್ಯರಲ್ಲ, ಯಾವುದೋ ಯಂತ್ರ ಎಂಬುದು ಅತ್ತೆಯ ಮೊದಲ ಫೋನಿನಲ್ಲೇ ಗೊತ್ತಾಯಿತು.

“ಲೋ, ಯಾರ್ಲಾ ಹೊರಟುಹೋದ್ರು?”

“ಯಾರತ್ತೆ?”

“ನಂಗೇನ್ ಗೊತ್ತು? ಒಂದ್ ಬಾಣ ಬರ್ದು ‘ಹೊರಟುಹೋದರು’ ಅಂತ ಹಾಕವ್ರೆ. ಇನ್ನೊಂದ್ ಬಾಣಕ್ಕೆ ‘ಸರಿ’ ಅಂತ ಹಾಕವ್ರೆ. ಯಾರೋ ಎದ್ದೋದ್ರೆ ಅದೆಂಗ್ಲಾ ಸರಿ ಆಯ್ತದೆ?”

ತುಸು ಯೋಚಿಸಿದ ಮೇಲೆ ಹೊಳೆಯಿತು. ಲೆಫ್ಟ್ ಎಂದರೆ ಎಡ. ಹೊರಟುಹೋದರು ಎಂದೂ ಆಗುತ್ತದೆ. ರೈಟ್ ಎಂದರೆ ಬಲ. ಸರಿ ಎಂದೂ ಆಗುತ್ತದೆ. ಯಂತ್ರ ಎರಡು ಕಡೆಯೂ ಎಡವಿತ್ತು. ಬಂಡೆ ಉರುಳಿ ಬರುವಾಗ ‘ಬಗ್ಗು’ ಎನ್ನುವ ಜಾಗದಲ್ಲಿ ಡಕ್ ಎಂಬುದನ್ನು ನೇರವಾಗಿ ‘ಬಾತುಕೋಳಿ’ ಮಾಡಿತ್ತು. ಅತ್ತೆ ಬಾತುಕೋಳಿ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಬಂಡೆ ಬಂದು ಬಡಿಯುತ್ತಿತ್ತು. ಆಮೇಲೆ ಪರದೆಯ ಮೇಲೆ ದೊಡ್ಡ ಅಕ್ಷರ: ‘ನೀವು ತೀರಿಕೊಂಡಿದ್ದೀರಿ. ಇನ್ನೂ ಚೆನ್ನಾಗಿ ಪ್ರಯತ್ನಿಸಿ.’

ಸಾಲದ್ದಕ್ಕೆ ನಮ್ಮ ಒತ್ತಕ್ಷರಗಳು ಜಪಾನಿ ಅಕ್ಷರಕ್ಕೆಂದು ಮಾಡಿದ್ದ ಚೌಕದಲ್ಲಿ ಹಿಡಿಸದೆ ಉದುರಿಹೋಗಿದ್ದವು. ಶತ್ರು ‘ಶತು’ ಆಗಿದ್ದ, ಕತ್ತಿ ‘ಕತಿ’ ಆಗಿತ್ತು. “ಶತು ಬಂದ, ಕತಿ ತಗೊ” ಎಂದು ಅತ್ತೆ ಗಟ್ಟಿಯಾಗಿ ಓದಿಕೊಂಡು ಆಡುವಾಗ ಬೀದಿಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು.

“ಇಂಗ್ಲಿಷ್ ಹಾಕ್ಕೊಡ್ಲಾ ಅತ್ತೆ?” ಎಂದೆ.

“ಬ್ಯಾಡ ಬುಡು. ಅಷ್ಟ್ ದೂರದವ್ರು ಕಷ್ಟ ಬಿದ್ದು ನಮ್ ಮಾತಲ್ಲಿ ಬರ್ದವ್ರೆ. ನಾವೇ ಕೈಬುಟ್ರೆ ಅವ್ರು ಏನ್ ಅಂದ್ಕಂಡಾರು?”

ಹೀಗೆ ತಿಂಗಳುಗಟ್ಟಲೆ ತೀರಿಕೊಂಡು, ತೀರಿಕೊಂಡು, ಅತ್ತೆ ಒಂದು ಕೋಟೆಯ ಆಟದಲ್ಲಿ ಬಹಳ ದೂರ ಹೋದರು. ಅಲ್ಲಿ ತಡೆ ಬಿತ್ತು. ಕೋಟೆಯ ಬಾಗಿಲು ಇಬ್ಬರು ಸೇರಿ ಆಡಿದರೆ ಮಾತ್ರ ತೆರೆಯುತ್ತಿತ್ತು.

ಪಕ್ಕದ ಮನೆಯಲ್ಲಿ ಸಿದ್ದರಾಜು ಇದ್ದರು. ಕೊತ್ತತ್ತಿ ಕಡೆಯವರು, ಬಸ್ ಡ್ರೈವರಾಗಿ ನಿವೃತ್ತರು, ಹೆಂಡತಿ ತೀರಿಹೋಗಿ ಒಬ್ಬರೇ ಇದ್ದವರು. ಅವರ ಆಡು ಅತ್ತೆಯ ಕರಿಬೇವಿನ ಗಿಡವನ್ನು ಮೇಯ್ದಂದಿನಿಂದ ಇಬ್ಬರಿಗೂ ಮಾತಿಲ್ಲ. ಹೇಳಲೇಬೇಕಾದ್ದಿದ್ದರೆ ಅತ್ತೆ ಆಡಿಗೆ ಹೇಳುತ್ತಿದ್ದರು. ಆ ಭಾನುವಾರವೂ ನನ್ನ ಕಣ್ಣೆದುರೇ ಬೇಲಿಯ ಬಳಿ ನಿಂತು ಆಡಿಗೆ ಹೇಳಿದರು: “ನಿನ್ ಯಜಮಾನಂಗೆ ಪುರುಸೊತ್ತಿದ್ರೆ ಬಂದು ಒಂದ್ ಬಾಗ್ಲು ತಗ್ಸಿಕೊಡಕ್ಕೆ ಏಳು.”

ಸಿದ್ದರಾಜು ಬಂದರು. ಕುರ್ಚಿಯನ್ನು ಆದಷ್ಟು ದೂರ ಎಳೆದುಕೊಂಡು, ನಾನು ಕೊಟ್ಟ ಎರಡನೇ ಜಾಯ್‌ಸ್ಟಿಕ್ ಹಿಡಿದು ಕೂತರು. ಬಾಗಿಲೇನೋ ತೆರೆಯಿತು. ಅದರ ಹಿಂದೆಯೇ ಪರದೆಯ ಮೇಲೆ ಬಂತು: ‘ನಿಮ್ಮ ಎದುರಾಳಿಯೊಂದಿಗೆ ನಿಶ್ಚಿತಾರ್ಥ ಮಾಡಿಕೊಳ್ಳಿ.’

ಆ ಬೀದಿಯಲ್ಲಿ ಅತ್ತೆಯ ಎದುರಾಳಿ ಯಾರು ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಸಿದ್ದರಾಜು ನಿಧಾನವಾಗಿ ಓದಿದರು. ಜಾಯ್‌ಸ್ಟಿಕ್ ಕೆಳಗಿಟ್ಟು ಎದ್ದುಹೋದರು.

ಅತ್ತೆ ಪರದೆ ನೋಡುತ್ತ ಕೂತರು. ಅಚ್ಚಾದ ಮಾತು ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಿದ್ದು ಅದೇ ಮೊದಲು. “ಬೇಜಾರ್ ಮಾಡ್ಕಂಡ್ರು ಅಂತ ಕಾಣ್ತದೆ ಕಣ್ಲಾ” ಎಂದರು, ಅವರಿಗೆ ಒಗ್ಗದ ಮೆತ್ತನೆಯ ದನಿಯಲ್ಲಿ.

ಸ್ವಲ್ಪ ಹೊತ್ತಿನ ಮೇಲೆ ಸಿದ್ದರಾಜು ವಾಪಸು ಬಂದರು. ಸ್ನಾನ ಮಾಡಿ, ಇಸ್ತ್ರಿಯ ಬಿಳಿ ಅಂಗಿ ಹಾಕಿದ್ದರು. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು.

“ಏನ್ರೀ ಇದು?” ಎಂದರು ಅತ್ತೆ.

“ಬರ್ದದಲ್ಲ ನರ್ಸಮ್ಮ. ಬರ್ದಿರೋದನ್ನ ಮೀರ್ಬ್ಯಾಡಿ ಅಂತ ಊರ್ಗೆಲ್ಲ ಏಳ್ದೋರು ನೀವೇ ತಾನೆ.”

ನಾನು ನಡುವೆ ಹೋಗಿ, ಎಂಗೇಜ್ ಎಂದರೆ ಇಲ್ಲಿ ನಿಶ್ಚಿತಾರ್ಥವಲ್ಲ, ಶತ್ರುವಿನೊಂದಿಗೆ ಕಾದಾಟಕ್ಕಿಳಿಯುವುದು ಎಂದು ವಿವರಿಸಿದೆ. ಸಿದ್ದರಾಜು ಬಾಳೆಹಣ್ಣು ನೋಡಿಕೊಂಡರು.

“ಅಂಗಾರೆ ಇದು?”

“ಅದ್ಕೇನಾಗದೆ, ಕೊಡಿ ಇತ್ಲಾಗೆ. ಕುರ್ಚಿ ಅತ್ರಕ್ಕೆ ಎಳ್ಕಳಿ, ಅಲ್ಲಿಂದ ಏನ್ ಕಾಣ್ತದೆ ನಿಮ್ಗೆ” ಎಂದು ಅತ್ತೆ ಗುಂಡಿ ಒತ್ತಿದರು.

ಅಂದಿನಿಂದ ಸಂಜೆಯಾದರೆ ಇಬ್ಬರೂ ಅಲ್ಲೇ. “ನೆಗೀರಿ ಅಂದ್ರೆ ನೆಗೀಬೇಕು. ಸ್ಟಾಪಲ್ಲಿ ಬಸ್ ನಿಲ್ಸಿದಂಗೆ ನಿಂತ್ಕತೀರಲ್ಲ” ಎಂದು ಅತ್ತೆ ಗದರುವುದು, ಸಿದ್ದರಾಜು ಪೂರಾ ಸುಖದಿಂದ ಬೈಸಿಕೊಳ್ಳುವುದು. ನನಗೆ ಫೋನು ಬರುವುದೇ ನಿಂತಿತು.

ನಾನು ಅತ್ತೆಯನ್ನು ಕೊನೆಯದಾಗಿ ಕಂಡದ್ದು ಅವರಿಬ್ಬರೂ ಆ ಆಟ ಗೆದ್ದ ದಿನ. ಕೊನೆಯ ರಾಕ್ಷಸ ಉರುಳಿದ್ದೇ ಪರದೆಯ ತುಂಬ ಜಪಾನಿ ಅಕ್ಷರಗಳು ಮೆಲ್ಲಗೆ ಮೇಲೇರತೊಡಗಿದವು. ಅಲ್ಲಿಯವರೆಗೆ ಬರುವವರು ಯಾರೂ ಇಲ್ಲ ಎಂದುಕೊಂಡು, ಆಟ ಮಾಡಿದವರು ಅದನ್ನು ಕನ್ನಡ ಮಾಡುವ ಗೋಜಿಗೇ ಹೋಗಿರಲಿಲ್ಲ. ಫೋಟೋ ಹಿಡಿದು ಅರ್ಥ ತೆಗೆದುಕೊಡುತ್ತೇನೆ ಎಂದು ನಾನು ಫೋನು ಎತ್ತಿದೆ. ಅತ್ತೆ ಕೈ ಅಡ್ಡ ಹಿಡಿದರು.

“ಬ್ಯಾಡ ಕಣ್ಲಾ. ಇಷ್ಟ್ ದಿನ ಕನ್ನಡದಲ್ಲಿ ಏಳಿ ನಮ್ ತಲೆ ಕೆಡ್ಸವ್ರೆ. ಇದಾದ್ರೂ ಚೆಂದಾಗಿರ್ಲಿ, ಸುಮ್ಕಿರು.”

ಇಬ್ಬರೂ ಪಕ್ಕಪಕ್ಕ ಕೂತು ಒಂದಕ್ಷರವೂ ತಿಳಿಯದ ಆ ಬರಹವನ್ನು ಕೊನೆಯ ಸಾಲಿನವರೆಗೆ ನೋಡಿದರು.

ಮುಂದಿನ ತಿಂಗಳು ಅತ್ತೆ ನಿದ್ದೆಯಲ್ಲೇ ಹೋದರು. ತಿಥಿ ಮುಗಿಸಿ ಹೊರಡುವಾಗ, ಕಂಪ್ಯೂಟರನ್ನು ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಸಿದ್ದರಾಜುವಿಗೆ ಹೇಳಿದೆ. ಅವರು ಜಾಯ್‌ಸ್ಟಿಕ್ಕಿನ ತಂತಿಯನ್ನು ನೀಟಾಗಿ ಸುತ್ತಿ ನನ್ನ ಕೈಗಿಟ್ಟರು.

“ತಗಂಡೋಗಪ್ಪ. ಬೈಯೋರಿಲ್ದೆ ನಂಗೆ ಆಡಕ್ಕೆ ಬರಲ್ಲ.”