ನಮ್ಮ ನರ್ಸರಿಯ ಎಕ್ಸ್‌ರೇ ಪೆಟ್ಟಿಗೆ

ಎಂಬತ್ತರ ದಶಕದ ನಡುವಿನಲ್ಲಿ ನಾನು ರಾಜಾಜಿನಗರದ ಒಂದು ನರ್ಸರಿ ಸ್ಕೂಲಿನಲ್ಲಿ ಟೀಚರ್ ಆಗಿದ್ದೆ. ಸ್ಕೂಲು ಅಂದ ತಕ್ಷಣ ದೊಡ್ಡದಾಗಿ ಏನನ್ನೂ ಕಲ್ಪಿಸಿಕೊಳ್ಳಬೇಡಿ. ಕಾರೇ ಇಲ್ಲದ ಮನೆಯ ಕಾರ್ ಶೆಡ್ಡು, ಇಪ್ಪತ್ತೆರಡು ಮಕ್ಕಳು, ಉದ್ದದೊಂದು ಚಾಪೆ, ಗೋಡೆಯ ಮೇಲೆ ಆನೆಯ ಚಿತ್ರ. ಅದನ್ನು ಬಿಡಿಸಿದವರು ಜನ್ಮದಲ್ಲಿ ಆನೆ ನೋಡಿರಲಿಲ್ಲ. ಮನೆಯ ಒಡತಿಯೇ ಸ್ಕೂಲಿಗೂ ಒಡತಿ. ಅವರನ್ನು ನಾವೆಲ್ಲರೂ ದೊಡ್ಡ ಮಿಸ್ ಅನ್ನುತ್ತಿದ್ದೆವು. ಸ್ಲೇಟು ತುಂಬಿರಬೇಕು, ಬಾಯಿ ಮುಚ್ಚಿರಬೇಕು ಅನ್ನುವುದಷ್ಟೇ ಅವರ ಶಿಕ್ಷಣ ನೀತಿ.

ನನಗೆ ಆಗ ಇಪ್ಪತ್ತೊಂದು ವರ್ಷ. ಆಗಷ್ಟೇ ಟ್ರೈನಿಂಗ್ ಮುಗಿಸಿದ್ದರಿಂದ ತಲೆ ಸ್ವಲ್ಪ ತಿರುಗಿತ್ತು. ಅಲ್ಲಿ ತೋರಿಸಿದ ವಿದೇಶಿ ಪುಸ್ತಕದಲ್ಲಿ ಗುಂಡುಗುಂಡಗಿನ ಮಕ್ಕಳು ಬೆಳಕು ಬರುವ ಮೇಜಿನ ಸುತ್ತ ಕೂತು ಬಣ್ಣದ ಗಾಜು ಜೋಡಿಸುತ್ತಿದ್ದರು. ನಮ್ಮ ಮಕ್ಕಳೇನು ಪಾಪ ಮಾಡಿದ್ದಾರೆ ಅಂತ ನನಗೆ ಹೊಟ್ಟೆ ಉರಿಯಿತು. ನರ್ಸಿಂಗ್ ಹೋಮಿನಲ್ಲಿ ಅಟೆಂಡರ್ ಆಗಿದ್ದ ಸೋದರಮಾವನ ತಲೆ ತಿಂದೆ. ಹಳೆಯದಾಯಿತೆಂದು ಅಲ್ಲಿ ಮೂಲೆಗೆ ಹಾಕಿದ್ದ, ಎಕ್ಸ್‌ರೇ ನೋಡುವ ಪೆಟ್ಟಿಗೆಯನ್ನು ಅವರು ಕೇಳಿ ಪಡೆದು, ಗೋಣಿಚೀಲದಲ್ಲಿ ಸುತ್ತಿ ಸೈಕಲ್ ಕ್ಯಾರಿಯರ್‌ಗೆ ಕಟ್ಟಿಕೊಂಡು ತಂದರು. ಮೇಲೆ ಹಾಲುಬಿಳಿ ಗಾಜು, ಒಳಗೆ ಎರಡು ಟ್ಯೂಬ್‌ಲೈಟು. ಒಂದು ಯಾವಾಗಲೂ ಉರಿಯುತ್ತಿತ್ತು, ಇನ್ನೊಂದು ಮನಸ್ಸು ಬಂದರೆ ಉರಿಯುತ್ತಿತ್ತು. ಪೆಟ್ಟಿಗೆಯನ್ನು ಇಟ್ಟಿಗೆಗಳ ಮೇಲೆ ಮಲಗಿಸಿ, ಇದೇ ನಮ್ಮ ಬೆಳಕಿನ ಮೇಜು ಅಂದೆ.

ಮಕ್ಕಳಿಗೆ ಹುಚ್ಚು ಹಿಡಿಯಿತು. ಅಂಚು ಉಜ್ಜಿ ಮೊಂಡು ಮಾಡಿದ ಬಳೆಚೂರು, ಈರುಳ್ಳಿ ಸಿಪ್ಪೆ, ಬಣ್ಣದ ಜಿಲೆಟಿನ್ ಪೇಪರ್, ಹುಳ ತಿಂದ ಹೊಂಗೆ ಎಲೆ, ಎಲ್ಲವೂ ಆ ಗಾಜಿನ ಮೇಲೆ ಬಂದು ಬಿದ್ದವು. ನಾನೊಂದು ಆಟ ಕಟ್ಟಿದೆ. ಒಂದು ಎಲೆಯ ಮೇಲೆ ಇನ್ನೊಂದು ಎಲೆ ಇಟ್ಟು, ಅಂಚು, ನರ, ತೂತು ಎಲ್ಲ ನೋಡಿ 'ಅದೇನಾ, ಬೇರೇನಾ' ಹೇಳಬೇಕು. ನೋಡದೆ ಹೇಳಿದವರು ಔಟ್. ನಿಯಮ ನನ್ನದೇ.

ಆ ಆಟದಲ್ಲಿ ಎಲ್ಲರನ್ನೂ ಸೋಲಿಸುತ್ತಿದ್ದವಳು ನಾಲ್ಕೂವರೆ ವರ್ಷದ ಒಬ್ಬ ಹುಡುಗಿ. ಸ್ಲೇಟು ಕೊಟ್ಟರೆ ಬಳಪ ತಿಂದು ಮುಗಿಸುತ್ತಿದ್ದಳೇ ಹೊರತು 'ಅ' ಬರೆಯುತ್ತಿರಲಿಲ್ಲ. ಅವಳನ್ನು ದಿನಾ ಕರೆತರುತ್ತಿದ್ದುದು ಅವಳ ಅಜ್ಜಿ, ಹೆಗ್ಗನಹಳ್ಳಿ ಕಡೆಯ ಗಟ್ಟಿ ಹೆಂಗಸು. ಒಂದು ತಿಂಗಳ ಹಿಂದೆ ಬೀದಿ ಕೊಳಾಯಿ ಹತ್ತಿರ ಜಾರಿ ಬಿದ್ದು ಎಡಗೈ ಮುರಿದುಕೊಂಡು, ಆಸ್ಪತ್ರೆಯಲ್ಲಿ ಎಕ್ಸ್‌ರೇ ಮಾತ್ರ ತೆಗೆಸಿ, ನಾಟಿ ವೈದ್ಯರ ಹತ್ತಿರ ಬಿದಿರು ದಬ್ಬೆಯ ಕಟ್ಟು ಹಾಕಿಸಿಕೊಂಡಿದ್ದರು. ಕೈ ಮುರಿದಿದ್ದರೂ ಬಾಯಿ ಭದ್ರವಾಗಿತ್ತು.

"ಏನ್ ಟೀಚರಮ್ಮ, ಮಗು ಅಕ್ಷರ ಕಲೀಲಿ ಅಂತ ಕಳ್ಸಿದ್ರೆ ಬಳೆಚೂರು ಆಡಿಸ್ಕೊಂಡು ಕೂತಿದೀಯಲ್ಲ. ಇದನ್ನ ನಮ್ಮ ತಿಪ್ಪೆ ಹತ್ರ ಬಿಟ್ಟಿದ್ರೂ ಆಡ್ತಿದ್ಲು."

ಇದನ್ನು ನನ್ನೊಬ್ಬಳ ಹತ್ತಿರ ಹೇಳಿದ್ದರೆ ನುಂಗಿಕೊಳ್ಳುತ್ತಿದ್ದೆ. ಗೇಟಿನ ಹತ್ತಿರ ನಿಂತು ಬಂದ ತಾಯಂದಿರಿಗೆಲ್ಲ ಹೇಳಿದರು. ಮೂರನೆಯ ದಿನ ದೊಡ್ಡ ಮಿಸ್ ನನ್ನನ್ನು ಕರೆಸಿದರು.

"ನೋಡಮ್ಮ, ಶನಿವಾರ ಪೇರೆಂಟ್ಸ್ ಮೀಟಿಂಗ್ ಇದೆ. ಆ ಅಜ್ಜಿ ಅಲ್ಲೂ ಬಾಯಿ ತೆಗೆದ್ರೆ ಈ ಡಬ್ಬ ನಿಮ್ಮನೆಗೆ ವಾಪಸ್. ಎಲ್ಲಾ ಮಕ್ಕಳ ಕೈಗೂ ಸ್ಲೇಟು."

ನನಗೆ ಅಳು ಬಂತು. ಆ ಪೆಟ್ಟಿಗೆ ಹೋದರೆ ನಾನು ಉಳಿದ ಜೀವಮಾನವೆಲ್ಲ ಬಳಪ ಹಂಚಿಕೊಂಡು ಕೂರುವುದೇ ಆಗಿತ್ತು.

ಶುಕ್ರವಾರ ಮಧ್ಯಾಹ್ನ ಮೊಮ್ಮಗಳನ್ನು ಕರೆದೊಯ್ಯಲು ಬಂದ ಅಜ್ಜಿ ಒಳಗೇ ನುಗ್ಗಿ, ಕಂಕುಳಿಂದ ಒಂದು ದೊಡ್ಡ ಕವರ್ ತೆಗೆದರು. ಒಳಗೆ ಎರಡು ಎಕ್ಸ್‌ರೇ. ಒಂದು ಬಿದ್ದ ದಿನದ್ದು, ಇನ್ನೊಂದು ಅವತ್ತಿನದ್ದು.

"ಆಸ್ಪತ್ರೇಲಿ ಡಾಕ್ಟ್ರಿಲ್ಲ, ಸೋಮವಾರ ಬಾ ಅಂದ್ರು. ಅವರ ಹತ್ರ ಇರೋ ಪೆಟ್ಟಿಗೇನೇ ನಿನ್ನ ಹತ್ರಾನೂ ಐತಲ್ಲ, ನೋಡಿ ಹೇಳವ್ವ. ವಾಸಿ ಆಗಿದ್ರೆ ಸಂಜೆ ನಾನೇ ಕಟ್ಟು ಬಿಚ್ಚಾಕ್ತೀನಿ. ಸೊಸೆ ತಿರುವೋ ಮುದ್ದೆ ತಿಂದು ತಿಂದು ಸಾಕಾಗೈತೆ."

ನನಗೂ ಎಕ್ಸ್‌ರೇಗೂ ಎತ್ತಣ ಸಂಬಂಧ? ಆದರೂ ಹೊಸದನ್ನು ಗಾಜಿನ ಮೇಲಿಟ್ಟೆ. ಮಣಿಕಟ್ಟಿನ ಹತ್ತಿರ ಮೂಳೆಗೆ ಅಡ್ಡವಾಗಿ ಒಂದು ಕಪ್ಪು ಗೆರೆ ಕಂಡಿತು. ಚೆನ್ನಾಗಿಯೇ ಕಂಡಿತು. ಗೊತ್ತಿಲ್ಲ ಅಜ್ಜಿ, ಡಾಕ್ಟರನ್ನೇ ಕೇಳಿ ಅನ್ನಬೇಕಿತ್ತು. ಆದರೆ ಮಾರನೆಯ ದಿನ ಶನಿವಾರ. ಅಜ್ಜಿ ಖುಷಿಯಾಗಿದ್ದರೆ ಮೀಟಿಂಗಿನಲ್ಲಿ ಬಾಯಿ ತೆಗೆಯುವುದಿಲ್ಲ ಅಂತ ನನ್ನ ದರಿದ್ರ ಬುದ್ಧಿ ಲೆಕ್ಕ ಹಾಕಿತು.

"ಚೆನ್ನಾಗಿ ವಾಸಿಯಾಗಿದೆ ಅಜ್ಜಿ," ಅಂದೆ.

"ನೀನೂ ಪರವಾಗಿಲ್ಲ ಕಣವ್ವ," ಅಂದರು ಅಜ್ಜಿ, ಮೊದಲ ಸಲ ನನ್ನತ್ತ ನಗುತ್ತಾ.

ಅಷ್ಟರಲ್ಲಿ ಹುಡುಗಿ ನಮ್ಮಿಬ್ಬರ ನಡುವೆ ತೂರಿಕೊಂಡಳು. ಹಳೆಯ ಎಕ್ಸ್‌ರೇಯನ್ನು ಹೊಸದರ ಮೇಲಿಟ್ಟು, ಬೆರಳಿಗೆ ಬೆರಳು ಹೊಂದುವ ತನಕ ಸರಿಸಿದಳು. ಎಲೆಗಳನ್ನು ಸರಿಸುತ್ತಿದ್ದ ಹಾಗೆಯೇ. ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡಿದಳು.

"ಅದೇ," ಅಂದಳು.

"ಏನದೇ?" ಅಂದರು ಅಜ್ಜಿ.

"ಗೆರೆ. ಇದ್ರಲ್ಲೂ ಐತೆ, ಅದ್ರಲ್ಲೂ ಐತೆ. ಅದೇ ಗೆರೆ."

"ಅದು ಹಾಗೇ ಕಾಣುತ್ತೆ ಪುಟ್ಟಿ," ಅಂದೆ ನಾನು. ಎರಡನೆಯ ಸುಳ್ಳಿಗೆ ಮೊದಲನೆಯದರಷ್ಟು ಕಷ್ಟವೂ ಆಗಲಿಲ್ಲ.

ಅವರು ಹೋದ ಮೇಲೆ ಯೋಚನೆ ಹತ್ತಿಕೊಂಡಿತು. ಮುದುಕಿ ನಿಜಕ್ಕೂ ಕಟ್ಟು ಬಿಚ್ಚಿಬಿಟ್ಟರೆ? ಓಡಿ ಹೋಗಿ ಹೇಳೋಣವೆಂದು ಗೇಟಿನ ತನಕ ಹೋದೆ. ಹೇಳಿದರೆ ಪೆಟ್ಟಿಗೆ ಹೋಗುತ್ತದೆ ಅಂತ ವಾಪಸ್ ಬಂದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಶನಿವಾರ ಮೀಟಿಂಗ್ ಅರ್ಧ ಮುಗಿದಾಗ ಅಜ್ಜಿ ಬಂದರು. ಬಿದಿರು ದಬ್ಬೆ ಹೋಗಿ ಕೈಗೆ ಮೊಳಕೈ ತನಕ ಹೊಸ ಬಿಳೀ ಪ್ಲಾಸ್ಟರ್ ಬಂದಿತ್ತು. ದೊಡ್ಡ ಮಿಸ್ ನನ್ನ ಮುಖ ನೋಡಿದರು. ನಾನು ಆನೆಯ ಚಿತ್ರ ನೋಡಿದೆ.

"ವಾಸಿ ಆಗೈತೆ ಅಂತ ಟೀಚರಮ್ಮ ಹೇಳಿದ್ಲು ಅಂತ ನಿನ್ನೆ ಸಂಜೆ ಕಟ್ಟು ಬಿಚ್ಚೋಕೆ ಕೂತೆ," ಅಂತ ಅಜ್ಜಿ ಎಲ್ಲರಿಗೂ ಕೇಳುವ ಹಾಗೆ ಶುರು ಮಾಡಿದರು. "ಈ ಮಗು ಬಿಡ್ಲಿಲ್ಲ. ಗೆರೆ ಹೋಗಿಲ್ಲ ಅಜ್ಜಿ, ಗೆರೆ ಹೋಗಿಲ್ಲ ಅಂತ ಕೈ ಹಿಡ್ಕೊಂಡು ಒಂದೇ ರಂಪ. ಕೊನೆಗೆ ನನ್ನ ಮಗ ಬೇರೆ ಡಾಕ್ಟ್ರ ಹತ್ರ ಕರ್ಕೊಂಡು ಹೋದ. ಮೂಳೆ ಕೂಡೇ ಇಲ್ವಂತೆ. ಬಿಚ್ಚಿದ್ರೆ ಕೈ ಸೊಟ್ಟಗೆ ನಿಲ್ತಿತ್ತಂತೆ."

ಅಜ್ಜಿ ಪ್ಲಾಸ್ಟರ್ ಕೈಯನ್ನೇ ಎತ್ತಿ ಪೆಟ್ಟಿಗೆ ತೋರಿಸಿದರು.

"ಅದು ಇರ್ಲಿ. ಮಕ್ಕಳು ನೋಡೋದು ಕಲ್ತವೆ. ಆದ್ರೆ ಆ ಟೀಚರಮ್ಮ ಹೇಳಿದ್ದನ್ನ ಮಾತ್ರ ಯಾರೂ ನಂಬಬೇಡಿ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ದೊಡ್ಡ ಮಿಸ್ ಕೂಡ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಪೆಟ್ಟಿಗೆ ಉಳಿಯಿತು. ನಾನೂ ನಕ್ಕೆ, ನಗದೆ ಬೇರೆ ದಾರಿ ಇರಲಿಲ್ಲ.

ಸೋಮವಾರ ಆ ಹುಡುಗಿ ಎಲ್ಲರಿಗಿಂತ ಮೊದಲು ಬಂದಳು. ಎರಡು ಹೊಂಗೆ ಎಲೆಗಳನ್ನು ಗಾಜಿನ ಮೇಲೆ ಒಂದರ ಮೇಲೊಂದಿಟ್ಟು, ಸ್ವಿಚ್ ಹಾಕಿಸಿಕೊಂಡು, ನನ್ನ ಸೆರಗು ಹಿಡಿದು ಎಳೆದಳು.

"ಅದೇನಾ, ಬೇರೇನಾ? ಈ ಸಲ ನಿಜ ಹೇಳಿ ಮಿಸ್."