ಗುಡುಗಿದರೆ ವೈರ್ ಕೀಳಬೇಕು

ಹೊರಮಾವಿನ ನಮ್ಮ ಫ್ಲ್ಯಾಟಿನಲ್ಲಿ ಗುಡುಗು ಕೇಳಿದ ಕೂಡಲೇ ನಾನು ಎದ್ದು ಹೋಗಿ ವೈಫೈ ಪ್ಲಗ್ ಕೀಳುತ್ತೇನೆ. "ಅಪ್ಪಾ, ಇದು ಫೈಬರ್, ಇದ್ರಲ್ಲಿ ಸಿಡಿಲು ಬರಲ್ಲ, ನಾನು ಮೀಟಿಂಗಲ್ಲಿದೀನಿ," ಎಂದು ಮಗಳು ರೂಮಿನಿಂದ ಹೇಳುತ್ತಾಳೆ. ಅವಳು ಹೇಳುವುದು ಸರಿಯೇ. ಆದರೂ ಕೈ ಕೇಳುವುದಿಲ್ಲ.

ಮನೆಗಳಿಗೆ ಇಂಟರ್ನೆಟ್ ಬರುವುದಕ್ಕೆ ಮುಂಚಿನ ಮಾತು. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾಗಿದ್ದ ಒಬ್ಬರು ಬೆನ್ಸನ್ ಟೌನಿನ ತಮ್ಮ ಮನೆಯಲ್ಲಿ, ಕಂಪ್ಯೂಟರಿಗೆ ಮೋಡೆಮ್ ಜೋಡಿಸಿ ಒಂದು ಬುಲೆಟಿನ್ ಬೋರ್ಡ್ ನಡೆಸುತ್ತಿದ್ದರು. ನಾವು ಅವರನ್ನು ಅಂಕಲ್ ಎನ್ನುತ್ತಿದ್ದೆವು. ಕಂಪ್ಯೂಟರ್ ಇದ್ದವರು ಅವರ ನಂಬರಿಗೆ ಫೋನ್ ಹಚ್ಚಿದರೆ ಪರದೆಯ ಮೇಲೆ ಬೋರ್ಡು ತೆರೆಯುತ್ತಿತ್ತು. ಅಲ್ಲಿ ಓದಬಹುದಿತ್ತು, ಬರೆಯಬಹುದಿತ್ತು. ಲೈನು ಒಂದೇ ಆದ್ದರಿಂದ ಒಂದು ಹೊತ್ತಿಗೆ ಒಬ್ಬರೇ. ಭಾನುವಾರ ಎಸ್‌ಟಿಡಿ ದರ ಕಡಿಮೆಯೆಂದು ಆ ದಿನ ಮಧ್ಯಾಹ್ನ ಅಂಕಲ್ ಕಂಪ್ಯೂಟರಿನಿಂದ ಬೊಂಬಾಯಿಯ ಒಂದು ದೊಡ್ಡ ಬೋರ್ಡಿಗೆ ಫೋನ್ ಹೋಗುತ್ತಿತ್ತು. ಹೊರದೇಶಗಳ ರಾಜಕೀಯ ಸುದ್ದಿ, ನಮ್ಮ ಪತ್ರಿಕೆಗಳಲ್ಲಿ ಬಾರದಂಥದ್ದು, ಕಂತೆಯಾಗಿ ಅಲ್ಲಿಂದ ಇಳಿಯುತ್ತಿತ್ತು. ಅದನ್ನು ಮೊದಲು ಓದಿ, ಸಾರಾಂಶ ಬರೆದು ನಮ್ಮ ಬೋರ್ಡಿಗೆ ಹಾಕಲು ಒಬ್ಬರು ಬೇಕಿತ್ತು.

ಆ ಕುರ್ಚಿ ನನಗೆ ಸಿಗಬೇಕಿತ್ತು. ನಾನು ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದ್ದೆ. ಅಂಕಲ್ ಅದನ್ನು ನನ್ನ ಗೆಳೆಯನಿಗೆ ಕೊಟ್ಟರು. ಅವನು ಧಾರವಾಡದ ಕಡೆಯವನು, ಇಂದಿರಾನಗರದ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದ. ಅವನಿಗೆ ಅಂಕಲ್ ಮನೆಯ ದಾರಿ ತೋರಿಸಿದವನೂ ನಾನೇ. ಆಮೇಲೆ ಪ್ರತಿ ಭಾನುವಾರ ಹಲಸೂರಿನ ನನ್ನ ಮನೆಯಿಂದ ಬಸ್ಸಿನಲ್ಲಿ ಹೋಗಿ, ಅವನ ಬೆನ್ನ ಹಿಂದೆ ಒಂದು ಕಬ್ಬಿಣದ ಟ್ರಂಕಿನ ಮೇಲೆ ಕೂರುತ್ತಿದ್ದೆ.

ಸೈನ್ಯ ಅಧಿಕಾರ ಕಸಿದುಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ 'ಕೂ' ಎನ್ನುತ್ತಾರೆ. ಅವನು ಅಕ್ಷರ ನೋಡಿಕೊಂಡು 'ಕೂಪ್' ಎನ್ನುತ್ತಿದ್ದ. ಒಮ್ಮೆ ನಾಲ್ಕು ಜನರೆದುರು ನಾನು ತಿದ್ದಿದೆ. ಅವನು ಒಂದಿಷ್ಟೂ ನಾಚಿಕೊಳ್ಳಲಿಲ್ಲ. "ಕೂಪ ಅಂದ್ರ ಬಾವಿ ಅಲ್ಲೇನೋ? ಬಿದ್ದ ಸರ್ಕಾರ ಮ್ಯಾಲ ಬರೂದಿಲ್ಲ. ಕೂಪನs ಸರಿ," ಎಂದ. ಮುಂದಿನ ವಾರದಿಂದ ಬೋರ್ಡಿನವರೆಲ್ಲ 'ಕೂಪ್' ಎಂದೇ ಬರೆಯತೊಡಗಿದರು. ಅವರ ಮೆಸೇಜುಗಳನ್ನು ಮನೆಯಲ್ಲಿ ಕೂತು ಓದುವಾಗ ನನಗೆ ಊಟ ಸೇರುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ದೂರದ ಯಾವುದೋ ದೇಶದಲ್ಲಿ ಸೈನ್ಯ ಬೀದಿಗಿಳಿಯಿತು. ಅಲ್ಲಿನ ಪತ್ರಿಕೆಗಳನ್ನು ಮುಚ್ಚಿಸಿದ್ದರು. ವಿದ್ಯಾರ್ಥಿಗಳು ಟೈಪ್ ಮಾಡಿದ ಸುದ್ದಿ ಬೋರ್ಡಿನಿಂದ ಬೋರ್ಡಿಗೆ ದಾಟಿ ಬೊಂಬಾಯಿಗೆ ಬಂದಿತ್ತು. ಆ ಭಾನುವಾರ ಅದು ಇಳಿಯುತ್ತಿದ್ದಾಗ ಅಂಕಲ್ ಚರ್ಚಿಗೆ ಹೋಗಿದ್ದರು. ಕೋಣೆಯಲ್ಲಿ ನಾವಿಬ್ಬರೇ. ಮೋಡ ಕವಿದು ಕಿಟಕಿಯ ಆಚೆಯ ಮಾವಿನ ಮರ ಕಪ್ಪಗಾಯಿತು. ಕಂಟೋನ್ಮೆಂಟ್ ಸ್ಟೇಷನ್ ಕಡೆಯಿಂದ ಗುಡುಗು ಕೇಳಿಸಿತು.

ಆ ಮನೆಯಲ್ಲಿ ಅಂಕಲ್ ಇಟ್ಟಿದ್ದ ನಿಯಮ ಒಂದೇ: ಗುಡುಗಿದರೆ ಗೋಡೆಯಿಂದ ಫೋನಿನ ವೈರ್ ಕೀಳಬೇಕು.

"ವೈರ್ ಕಿತ್ಬಿಡು ಮಗಾ," ಎಂದೆ.

"ಇನ್ನ ಸ್ವಲ್ಪ ಐತಿ, ತಡಿಯೋ."

"ಗುಡುಗ್ತಾ ಇದೆ. ಕೀಳು."

ಅವನು ತಿರುಗಿ ನನ್ನ ಮುಖ ನೋಡಿ ನಕ್ಕ. "ಈ ಸುದ್ದಿ ನನ್ನ ಕೈಯಾಗ ಬಂತಲ್ಲ, ಅದಕ್ಕ ನಿನಗ ಹೊಟ್ಟೆಕಿಚ್ಚು."

ಮತ್ತೆ ಗುಡುಗಿತು. ಲೈನು ಕಡಿದು ಪರದೆಯ ಮೇಲೆ ಅಕ್ಷರಗಳು ನಿಂತವು. ಟೋನ್ ಇದೆಯೋ ಇಲ್ಲವೋ ನೋಡಲು ಅವನು ರಿಸೀವರ್ ಎತ್ತಿ ಎಡಗಿವಿಗೆ ಹಿಡಿದ. ನಾನು ಟ್ರಂಕಿನಿಂದ ಅರ್ಧ ಎದ್ದಿದ್ದೆ. ಕೋಣೆ ಬೆಳ್ಳಗಾಯಿತು. ತೆಂಗಿನಕಾಯಿ ಕಲ್ಲಿಗೆ ಒಡೆದಂಥ ಸದ್ದು. ಕುರ್ಚಿಯೊಂದಿಗೆ ಅವನು ಮಗುಚಿ ಬಿದ್ದ. ಮೋಡೆಮ್ಮಿನಿಂದ ಹೊಗೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ರಿಸೀವರ್ ಮೇಜಿನ ಅಂಚಿನಲ್ಲಿ ನೇತಾಡುತ್ತಿತ್ತು. ಅವನ ಕಣ್ಣು ತೆರೆದೇ ಇತ್ತು, ರೆಪ್ಪೆ ಬಡಿಯುತ್ತಿರಲಿಲ್ಲ. ಸತ್ತನೆಂದೇ ತಿಳಿದೆ. ಆ ಬಿಳುಪು ಈಗಲೂ ನಿದ್ದೆಗೆ ಜಾರುವಾಗ ಕಣ್ಣೊಳಗೆ ಬರುತ್ತದೆ. ಪ್ರತಿ ಸಲವೂ ನಾನು ಟ್ರಂಕಿನಿಂದ ಇನ್ನೂ ಅರ್ಧವೇ ಎದ್ದಿರುತ್ತೇನೆ.

ಫೋನು ಸತ್ತಿತ್ತು. ಮಳೆಯಲ್ಲಿ ಬೀದಿಗೆ ಓಡಿ ಆಟೋ ನಿಲ್ಲಿಸಿದೆ. ಡ್ರೈವರ್ ಒಳಗೆ ಬಂದು ಅವನ ಎದೆಯ ಮೇಲೆ ಕೈಯಿಟ್ಟು ನೋಡಿ, "ಜಾನ್ ಹೈ ಭಾಯ್, ಜೀವ ಐತೆ, ಕಾಲು ಹಿಡ್ಕೋ," ಎಂದ. ಇಬ್ಬರೂ ಎತ್ತಿ ಆಟೋದಲ್ಲಿ ಮಲಗಿಸಿಕೊಂಡು ಶಿವಾಜಿನಗರದ ಆಸ್ಪತ್ರೆಗೆ ಹೊರಟೆವು. ದಾರಿಯಲ್ಲಿ ಅವನು ನನ್ನ ತೊಡೆಯ ಮೇಲಿದ್ದ ತಲೆಯನ್ನು ಅಲುಗಿಸಿ ಕೇಳಿದ: "ಪೂರಾ ಇಳೀತೇನೋ?"

ಜೀವ ಉಳಿಯಿತು. ಎಡಗಿವಿ ಮತ್ತೆ ಕೇಳಲಿಲ್ಲ.

ಹೊಸ ಮೋಡೆಮ್ ಬಂದ ಮೇಲೆ ಅಂಕಲ್ ನನ್ನನ್ನು ಕರೆದು ಕುರ್ಚಿ ತೋರಿಸಿದರು. "ಇನ್ಮೇಲೆ ಈ ಕೆಲ್ಸ ನೀನೇ ಪಾತ್ಕೋಪ್ಪಾ, ಅವನು ಇನ್ನು ಬರಲ್ಲ," ಎಂದರು. ನಾನು ಕೂತೆ. ಎಷ್ಟು ಕಾಲದಿಂದ ಬಯಸಿದ್ದ ಜಾಗ. ಆ ದೇಶದ ಬಗ್ಗೆ ಬಹಳ ಎಚ್ಚರದಿಂದ ಸಾರಾಂಶ ಬರೆದು, 'ಕೂ' ಎಂದು ಸರಿಯಾಗಿ ವಿವರಿಸಿ ಹಾಕಿದೆ. ಬಂದ ಉತ್ತರಗಳಲ್ಲಿ ಯಾರೂ ಆ ದೇಶದ ಸುದ್ದಿ ಎತ್ತಲಿಲ್ಲ. ಅವನು ಹೇಗಿದ್ದಾನೆ, ಯಾವ ವಾರ್ಡು, ಯಾವಾಗ ಬರೆಯುತ್ತಾನೆ, ಇದೇ ಪ್ರಶ್ನೆ. ಸಿಡಿಲನ್ನು ಕಣ್ಣಾರೆ ಕಂಡ ನನ್ನನ್ನು ಹೇಗಿದ್ದೀಯ ಎಂದು ಕೇಳಿದವರಿಲ್ಲ.

ಈಚೆಗೆ ಇಂದಿರಾನಗರದಲ್ಲಿ ಹಳೆಯ ಬೋರ್ಡಿನವರು ಕೆಲವರು ಊಟಕ್ಕೆ ಸೇರಿದ್ದೆವು. ಅವನು ಆ ಕಥೆ ಹೇಳಲು ಶುರುಮಾಡಿದ. ನಾನು ಅವನ ಎಡಕ್ಕೆ ಕೂರಲು ಹೋದೆ. "ಈ ಕಡೆ ಬಾರೋ," ಎಂದು ಬಲಕ್ಕೆ ಎಳೆದುಕೊಂಡ. "ಆ ಕಿವಿ ನಿನ್ನ ಮಾತು ಕೇಳಲಿಲ್ಲಂತನs ಹೋತು." ಎಲ್ಲರೂ ನಕ್ಕರು. ಕಥೆಯನ್ನು ಅವನಂತೆ ಹೇಳಲು ನನಗೆ ಎಂದೂ ಬಂದಿಲ್ಲ. ನಾನು ಹೇಳಿದರೆ ಕೇಳುವವರು ಹೆದರುತ್ತಾರೆ, ಅಷ್ಟೇ.

ಊಟ ಮುಗಿದ ಮೇಲೆ ಕೈತೊಳೆಯುವ ಕಡೆ ಅವನು ಮೆಲ್ಲಗೆ ಕೇಳಿದ: "ಖರೇ ಹೇಳು. ಅವತ್ತ ವೈರ್ ಕೀಳು ಅಂದಿದ್ದು ಅಂಜಿ ಏನು, ಹೊಟ್ಟೆಕಿಚ್ಚಿಗೇನು?"

"ಎರಡೂ ಇರ್ಬೇಕು," ಎಂದೆ.

"ಹಂಗಾರ ನಾ ಅರ್ಧಾನರ ಕೇಳಬೇಕಿತ್ತಲ್ಲೋ," ಎಂದು ಅವನು ಕೈ ಒರೆಸಿಕೊಂಡು ಹೋದ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಮತ್ತೆ ನಗು ಕೇಳಿಸಿತು. ನಾವು ಆಡಿದ್ದ ಮಾತನ್ನೂ ಆಗಲೇ ಕಥೆಗೆ ಸೇರಿಸಿಕೊಂಡಿದ್ದ.