ವೈರ್ ಇಲ್ಲದ ಬಾಸ್ ಗಿಟಾರ್

ಗಿಟಾರಿಗೆ ವೈರೇ ಇರಲಿಲ್ಲ.

ಕಳೆದ ವಾರ ಕುರುಗೋಡಿನಲ್ಲಿ ಗೆಳೆಯನ ತಂಗಿಯ ಮದುವೆ. ಅಕ್ಷತೆ ಮುಗಿದಿತ್ತು, ಊಟಕ್ಕೆ ಇನ್ನೂ ಸಮಯವಿತ್ತು. ಕಲ್ಯಾಣಮಂಟಪದ ಒಂದು ಬದಿಗೆ ಬಳ್ಳಾರಿಯ ಆರ್ಕೆಸ್ಟ್ರಾ. ಎಲ್ಲರೂ ಹಾಡುವವಳನ್ನು ನೋಡುತ್ತಿದ್ದರು. ನಾನು ಅವಳ ಹಿಂದೆ ನಿಂತಿದ್ದ ಫಕ್ರು ಮಾಸ್ತರರನ್ನು ನೋಡುತ್ತಿದ್ದೆ. ಕೊರಳಲ್ಲಿ ಬಾಸ್ ಗಿಟಾರ್ ಇತ್ತು, ಬೆರಳು ಆಡುತ್ತಿದ್ದವು. ಆದರೆ ಗಿಟಾರಿನಿಂದ ಹೊರಡಬೇಕಾದ ವೈರ್ ಎಲ್ಲೂ ಕಾಣಲಿಲ್ಲ. ವೈರ್‌ಲೆಸ್ ಇರಬಹುದೇ? (ನನ್ನಂಥ ಗಿಟಾರ್ ಸಾಮಾನಿನ ಹುಚ್ಚರಿಗೆ ಮೊದಲು ಹೊಳೆಯುವುದೇ ಅದು.) ಅದೂ ಅಲ್ಲ.

ಮಾಸ್ತರರ ಬಗ್ಗೆ ನಿಮಗೆ ಹೇಳಬೇಕು. ಸಿರುಗುಪ್ಪದವರು. ಕಸುಬು ಬಡಗಿತನ, ಮದುವೆ ಸೀಸನ್ನಿನಲ್ಲಿ ಬಾಸ್. ನನಗೆ ಕಲಿಸಿದವರೂ ಅವರೇ. ಬಾಸ್ ಅಂದರೆ ನಾಲ್ಕು ತಂತಿಯ, ದಪ್ಪ ದನಿಯ ಗಿಟಾರ್. ತಂತಿಗೆ ಬೆವರು, ಜಿಡ್ಡು ಹತ್ತಿ ದನಿ ಮಂಕಾದರೆ ಮಾಸ್ತರು ಅದನ್ನು ಬಿಚ್ಚಿ, ನೀರಲ್ಲಿ ಕುದಿಸಿ, ಒರೆಸಿ ಮತ್ತೆ ಕಟ್ಟುತ್ತಿದ್ದರು. ಅದೂ ಚಹಾ ಪಾತ್ರೆಯಲ್ಲಿ. ಮನೆಯಾಕೆ ಬೈದರೆ ನಗುತ್ತಿದ್ದರು. ನನ್ನ ಹತ್ತಿರ ನಾಲ್ಕು ಗಿಟಾರ್, ಅವುಗಳ ದನಿ ಬದಲಿಸುವ ಒಂಬತ್ತು ಪೆಡಲ್ ಇವೆ. ಪೂರ್ತಿ ಬಾರಿಸಲು ಬರುವ ಹಾಡು ಐದು.

ಹಾಡು ಮುಗಿದ ಮೇಲೆ ಹತ್ತಿರ ಹೋದೆ.

"ಮಾಸ್ತರ, ವೈರ್ ಎಲ್ಲೈತ್ರಿ?"

"ಬ್ಯಾಡ ಅಂದಾರಪಾ. ಲ್ಯಾಪ್‌ಟಾಪಿನ್ಯಾಗ ಟ್ರ್ಯಾಕ್ ಹಾಕ್ತಾರ. ಅದರಾಗ ಬಾಸು, ಡ್ರಮ್ಮು ಎಲ್ಲಾ ಐತಿ."

"ಮತ್ತ ನಿಮ್ಮನ್ಯಾಕ ನಿಲ್ಲಸ್ಯಾರ?"

"ವಿಡಿಯೋದಾಗ ಗಿಟಾರ್ ಕಾಣಬೇಕಂತ."

ಮೂರು ವರ್ಷದಿಂದ ಹೀಗೇ ಅಂತೆ. ನನಗೆ ಮೈಯೆಲ್ಲ ಉರಿಯಿತು. ಮುಂದಿನ ಹಾಡಿನಲ್ಲಿ ಅವರ ಎಡಗೈಯನ್ನೇ ನೋಡುತ್ತ ನಿಂತೆ. ಆ ಬೆರಳುಗಳು ನಾಟಕ ಆಡುತ್ತಿರಲಿಲ್ಲ. ಪ್ರತಿ ಸ್ವರವೂ ಅದರ ಜಾಗದಲ್ಲಿತ್ತು. ಯಾರಿಗೂ ಕೇಳದ ಬಾಸನ್ನು ಆ ಮನುಷ್ಯ ಒಂದೂ ತಪ್ಪಿಲ್ಲದೆ ಬಾರಿಸುತ್ತಿದ್ದರು. ಬಂದವರೆಲ್ಲ ಅವರನ್ನೂ ಪ್ಲಾಸ್ಟಿಕ್ ಹೂವಿನ ಜೊತೆ ಡೆಕೋರೇಷನ್ನಿಗೆ ಸೇರಿಸಿಬಿಟ್ಟಿದ್ದರು. ನಮಗೆ ಸಂಗೀತ ಬೇಕಾಗಿರುವುದು ಕಿವಿಗೋ, ಕ್ಯಾಮೆರಾಕ್ಕೋ?

ನನ್ನ ಕಾರಿನ ಡಿಕ್ಕಿಯಲ್ಲಿ ಸದಾ ಒಂದು ಗಿಟಾರ್ ಕೇಬಲ್ ಇರುತ್ತದೆ. (ಸ್ಟೆಪ್ನಿ ಇರುವುದಿಲ್ಲ.) ಹೋಗಿ ತಂದೆ. ಆರ್ಕೆಸ್ಟ್ರಾ ಮಾಲೀಕ ಫೋನಿನಲ್ಲಿ ಮಾತಾಡುತ್ತ ಹೊರಗೆ ಹೋಗಿದ್ದ. ಲ್ಯಾಪ್‌ಟಾಪಿನವನು ನನ್ನನ್ನು ಹೆಣ್ಣಿನ ಕಡೆಯ ದೊಡ್ಡ ಮನುಷ್ಯ ಅಂದುಕೊಂಡು ಸುಮ್ಮನಿದ್ದ.

"ಇರ್ಲಿ ಬಿಡಪಾ," ಎಂದರು ಮಾಸ್ತರು.

ಅದು ಅವರ ಸಂಕೋಚ ಎಂದು ನಾನೇ ತೀರ್ಮಾನಿಸಿದೆ. ಒಂದು ತುದಿಯನ್ನು ಗಿಟಾರಿಗೆ, ಇನ್ನೊಂದನ್ನು ಸೌಂಡ್ ಮಿಕ್ಸರಿಗೆ ಚುಚ್ಚಿ ವಾಲ್ಯೂಮ್ ಏರಿಸಿದೆ.

ಪಲ್ಲವಿ ಅದ್ಭುತವಾಗಿತ್ತು. ಮೇಲಿನ ಶೀಟು ನಡುಗಿತು, ಮಾಸ್ತರರ ಮುಖ ಅರಳಿತು. ಎರಡನೇ ಚರಣದಲ್ಲಿ ಹಾಡುವವಳು ಉಸಿರು ತೆಗೆದುಕೊಳ್ಳಲು ಒಂದಿಷ್ಟು ತಡಮಾಡಿದಳು. ಮಾಸ್ತರು ಅವಳಿಗಾಗಿ ಕಾದರು. ಬಾಸ್ ಬಾರಿಸುವವನು ಮಾಡಬೇಕಾದದ್ದೇ ಅದು, ಹಾಡುವವರನ್ನು ಬಿಟ್ಟು ಹೋಗಬಾರದು. ಲ್ಯಾಪ್‌ಟಾಪ್ ಕಾಯಲಿಲ್ಲ. ಅದು ಯಾರಿಗೂ ಕಾಯುವುದಿಲ್ಲ. ಟ್ರ್ಯಾಕ್ ಮುಂದೆ ಓಡಿತು, ಮಾಸ್ತರು ಹಿಂದೆ ಉಳಿದರು. ಯಾರ ಜೊತೆ ಹೋಗಬೇಕೆಂದು ತಿಳಿಯದೆ ಅವಳು ಹಾಡುವುದನ್ನೇ ನಿಲ್ಲಿಸಿಬಿಟ್ಟಳು. ಸೀಟಿ ಬಿದ್ದವು, ಜನ ನಕ್ಕರು. ಗೆಳೆಯನ ಮಾವ ಕುರ್ಚಿಯಿಂದಲೇ ಹೇಳಿದರು: "ಯಾರಲೇ ಅದು ಗುಂಯ್ ಅನಸಾಕತ್ತಿದ್ದು? ಬಂದ್ ಮಾಡಸ್ರಿ ಅದನ್ನ."

ಮಾಲೀಕ ಓಡಿಬಂದು ವೈರ್ ಕಿತ್ತ. ಉಳಿದ ಹಾಡುಗಳಲ್ಲಿ ಮಾಸ್ತರು ತಲೆ ಎತ್ತಲಿಲ್ಲ. ನಾನು ಹೋಳಿಗೆ ಊಟ ಮಾಡಿಯೇ ಬಂದೆ, ಅದನ್ನೂ ಹೇಳಿಬಿಡುತ್ತೇನೆ.

ಎರಡು ದಿನದ ಮೇಲೆ ಸುದ್ದಿ ಬಂತು. ಮಾಸ್ತರರನ್ನು ಕೈಬಿಟ್ಟಿದ್ದಾರೆ. ಇನ್ನು ಅವರ ಜಾಗದಲ್ಲಿ ಮಾಲೀಕನ ಬಾಮೈದ ಗಿಟಾರ್ ಹಾಕಿಕೊಂಡು ನಿಲ್ಲುತ್ತಾನಂತೆ. ಅವನಿಗೆ ಬಾರಿಸಲು ಬರುವುದಿಲ್ಲ. ಅದೇ ಅವನ ಅರ್ಹತೆ. ನನ್ನಂಥವರು ಎಷ್ಟು ವೈರ್ ತಂದು ಚುಚ್ಚಿದರೂ ಅವನಿಂದ ಯಾರಿಗೂ ತೊಂದರೆಯಿಲ್ಲ.

ಸಿರುಗುಪ್ಪಕ್ಕೆ ಓಡಿದೆ. ಮಾಸ್ತರು ಅಂಗಡಿಯ ಮುಂದೆ ಒಂದು ಬಾಗಿಲಿಗೆ ಉಜ್ಜುಗೊರಡು ಹಾಕುತ್ತಿದ್ದರು. ನಾನು ದಾರಿಯುದ್ದಕ್ಕೂ ತಯಾರು ಮಾಡಿಕೊಂಡಿದ್ದ ಭಾಷಣ ಶುರು ಮಾಡಿದೆ.

"ಹೋದ್ರ ಹೋಗ್ಲಿ ಬಿಡ್ರಿ ಮಾಸ್ತರ. ಗೊಂಬಿ ಹಂಗ ನಿಲ್ಲೋದು ನಿಮ್ಮಂಥ ಕಲಾವಿದರಿಗೆ ಅವಮಾನ."

ಅವರು ಕೆಲಸ ನಿಲ್ಲಿಸಿದರು.

"ನಿಮಗ ಯಾರಿಗೂ ಕೇಳ್ತಿದ್ದಿಲ್ಲ. ನನಗ ಕೇಳ್ತಿತ್ತು," ಎಂದರು. "ಗಿಟಾರ್ ಎದಿಗೆ ಹತ್ತಿರ್ತೈತಲ್ಲ, ವೈರ್ ಇಲ್ದಿದ್ರೂ ಅದರ ನಡುಕ ಎದಿಗೆ ಬರ್ತೈತಿ. ಹಾಡೋರ ಹಿಂದ ನಿಂತು ಬಾರಸ್ತಿದ್ದೆ. ಅಷ್ಟ ಸಾಕಾಗಿತ್ತು ನನಗ. ಈಗ ಮನ್ಯಾಗ ಒಬ್ನ ಕುಂತು ಯಾರ ಹಿಂದ ಬಾರಸ್ಲಿ?"

ಅವಮಾನ, ಅವಮಾನ ಎಂದು ಕುಣಿದೆನಲ್ಲ, ಅದು ಯಾರದ್ದು? ನನ್ನದು. ನನ್ನ ಗುರು ಹೀಗೆ ನಿಲ್ಲಬಾರದು ಎಂಬುದು ನನ್ನ ಜಂಬ. ಆ ಜಂಬ ತೀರಿಸಿಕೊಳ್ಳಲು ಅವರಿಗೆ ಉಳಿದಿದ್ದ ಒಂದೇ ಒಂದು ಜಾಗ ಕಿತ್ತುಕೊಂಡೆ. ಮಾಲೀಕ ಕಸಿದದ್ದು ಬರೀ ದನಿಯನ್ನು. ಬೇರೆಯವರಿಗೆ ನ್ಯಾಯ ಕೊಡಿಸಲು ಹೊರಡುವ ನಮಗೆ ಯಾಕಿಷ್ಟು ಅವಸರ? ಒಂದು ನಿಮಿಷ ನಿಂತು ಅವರನ್ನೇ ವಿಚಾರಿಸಲು ಏನು ಧಾಡಿ?

ಇಷ್ಟೆಲ್ಲ ತಿಳಿದ ಮೇಲಾದರೂ ಬಾಯಿ ಮುಚ್ಚಿಕೊಂಡು ಬರಬೇಕಿತ್ತು. "ಮಾಸ್ತರ, ಮಾಲೀಕನ ಹತ್ರ ನಾ ಮಾತಾಡ್ತೀನಿ," ಎಂದೆ.

ಅವರು ಮತ್ತೆ ಬಾಗಿಲಿನ ಕಡೆ ಬಗ್ಗಿದರು.

"ಮಾತಾಡು ಅಂತ ನಾ ಕೇಳಿದ್ನೇನು ನಿನ್ನ?"